ಹೆಣದ ಸುತ್ತ ಕೂತ ಊರು: ಎಜ್‌ಫೀಲ್ಡ್ ಕೌಂಟಿಯ ಕೊರೊನರ್ ಕಾಗದಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ದಕ್ಷಿಣ ಕೆರೊಲೈನಾ ರಾಜ್ಯದ ಪಶ್ಚಿಮದಂಚಿನಲ್ಲಿ, ಸವಾನ್ನಾ ನದಿಯ ಮಗ್ಗುಲಲ್ಲಿ, ಎಜ್‌ಫೀಲ್ಡ್ ಎಂಬ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿ ಯಾರಾದರೂ ಬಡಿದಾಟದಲ್ಲೋ ನೀರಲ್ಲೋ ಬೆಂಕಿಯಲ್ಲೋ ಸತ್ತರೆ, ಅಥವಾ ಇದ್ದಕ್ಕಿದ್ದಂತೆ ಕುಸಿದು ಪ್ರಾಣ ಬಿಟ್ಟರೆ, ಕೊರೊನರ್ ಎಂಬ ಅಧಿಕಾರಿ ಬಂದು ಅಕ್ಕಪಕ್ಕದ ಗಂಡಸರನ್ನು ಕೂಡಿಸಿ ಹೆಣದ ಮುಂದೆಯೇ ವಿಚಾರಣೆ ನಡೆಸುತ್ತಿದ್ದ. ಆ ವಿಚಾರಣೆಗಳ ಕಾಗದಗಳು ಇಂದಿಗೂ ಸಿಗುತ್ತವೆ. ಅವುಗಳ ಬಗ್ಗೆ ಓದುಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಅಷ್ಟು ದೊಡ್ಡ ದಕ್ಷಿಣದಲ್ಲಿ ಎಜ್‌ಫೀಲ್ಡೇ ಯಾಕೆ?

ಹೊಡೆದಾಟಕ್ಕೆ ಆ ಸೀಮೆಗೆ ಮೊದಲಿನಿಂದಲೂ ಹೆಸರು. 1856ರಲ್ಲಿ ವಾಷಿಂಗ್ಟನ್ನಿನ ಸೆನೆಟ್ ಸಭಾಂಗಣಕ್ಕೇ ನುಗ್ಗಿ, ಗುಲಾಮಗಿರಿಯನ್ನು ಖಂಡಿಸಿ ಮಾತಾಡಿದ್ದ ಚಾರ್ಲ್ಸ್ ಸಮ್ನರ್ ಎಂಬ ಸೆನೆಟರನ್ನು ಬೆತ್ತ ಮುರಿಯುವಂತೆ ಬಡಿದ ಪ್ರೆಸ್ಟನ್ ಬ್ರೂಕ್ಸ್ ಇದೇ ಎಜ್‌ಫೀಲ್ಡಿನವನು. ಅದಕ್ಕೆ ಅವನು ತೆತ್ತಿದ್ದು 300 ಡಾಲರ್ ದಂಡ. ಊರಿನವರು ಅವನಿಗೆ ಹೊಸ ಬೆತ್ತಗಳನ್ನು ಉಡುಗೊರೆ ಕಳಿಸಿದರು. ರಾಜ್ಯಕ್ಕೆ ಹತ್ತು ಮಂದಿ ಗವರ್ನರುಗಳನ್ನು ಕೊಟ್ಟ ಸೀಮೆ ಅಂತ ಅಲ್ಲಿನವರು ಹೆಮ್ಮೆಪಡುತ್ತಾರೆ. ಅವರಲ್ಲಿ ಒಬ್ಬನ ಕೈಗೆ ಅಂಟಿದ ರಕ್ತದ ವಿಷಯ ಮುಂದೆ ಬರುತ್ತದೆ.

ಇನ್ನೊಂದು ಕಾರಣ ಜನಸಂಖ್ಯೆ. 1860ರ ಜನಗಣತಿಯಲ್ಲಿ ಇಲ್ಲಿದ್ದದ್ದು ಸುಮಾರು 40 ಸಾವಿರ ಜನ. ಅವರಲ್ಲಿ 24 ಸಾವಿರದಷ್ಟು ಮಂದಿ ಗುಲಾಮರು. ಹತ್ತಿ ಹೊಲಗಳು, ಅಲ್ಲೊಂದು ಇಲ್ಲೊಂದು ಹಿಟ್ಟಿನ ಗಿರಣಿ, ಸಾರಾಯಿ ಅಂಗಡಿ, ನಡುವೆ ಕೋರ್ಟು ಇರುವ ಒಂದು ಪುಟ್ಟ ಪಟ್ಟಣ. ಇಂಥ ಕಡೆ ಸಾವಿನ ಕಾಗದ ಓದಿದರೆ ಬದುಕಿದ್ದವರ ವಿಷಯವೇ ಹೆಚ್ಚು ತಿಳಿಯುತ್ತದೆ.

ಕೊರೊನರ್ ಅಂದರೆ ಪೊಲೀಸಾ, ಡಾಕ್ಟರಾ?

ಎರಡೂ ಅಲ್ಲ. ಹುದ್ದೆ ಇಂಗ್ಲೆಂಡಿನಿಂದ ಬಂದದ್ದು, 1194ರಷ್ಟು ಹಳೆಯದು. ಆಗ ಅವನ ಮುಖ್ಯ ಕೆಲಸ ರಾಜನ ಬೊಕ್ಕಸಕ್ಕೆ ಬರಬೇಕಾದ ದಂಡ, ಜಪ್ತಿಗಳ ಲೆಕ್ಕ ನೋಡುವುದು. ಅಮೆರಿಕಕ್ಕೆ ಬರುವ ಹೊತ್ತಿಗೆ ಉಳಿದದ್ದು ಹೆಣ ನೋಡುವ ಕೆಲಸ. ವೈದ್ಯಕೀಯ ಓದಿರಬೇಕೆಂಬ ನಿಯಮ ಇರಲಿಲ್ಲ. ಒಬ್ಬ ರೈತನೋ ಅಂಗಡಿಯವನೋ ಕೊರೊನರ್ ಆಗಬಹುದಿತ್ತು. ಪ್ರತಿ ವಿಚಾರಣೆಗೆ ಇಷ್ಟು, ಕುದುರೆ ಮೇಲೆ ಹೋದ ದಾರಿಗೆ ಮೈಲಿಗೆ ಇಷ್ಟು ಅಂತ ಕೂಲಿ. ಕೌಂಟಿಯ ಕಾನೂನು ಜಾರಿ ಮಾಡುವ ಮುಖ್ಯಾಧಿಕಾರಿ ಷರೀಫ; ಅವನ ಹುದ್ದೆ ಖಾಲಿ ಬಿದ್ದರೆ ಆ ಕೆಲಸವನ್ನೂ ಇವನೇ ನೋಡಬೇಕು. ಷರೀಫನ ಮೇಲೇ ವಾರೆಂಟ್ ಬಂದರೆ ಅದನ್ನು ಜಾರಿ ಮಾಡುವ ಅಧಿಕಾರವೂ ಇವನದೇ.

ಕೊರೊನರ್ ದೂರದಲ್ಲಿದ್ದರೆ ಹತ್ತಿರದ ಮ್ಯಾಜಿಸ್ಟ್ರೇಟೇ ಆ ಜಾಗದಲ್ಲಿ ಕೂರುತ್ತಿದ್ದ. ಬೇಸಿಗೆಯಲ್ಲಿ ಹೆಣವನ್ನು ಎರಡು ದಿನ ಇಟ್ಟುಕೊಂಡು ಕಾಯುವುದು ಆಗದ ಮಾತು.

ವಿಚಾರಣೆ ಹೇಗೆ ನಡೆಯುತ್ತಿತ್ತು?

ಸುದ್ದಿ ಮುಟ್ಟಿದ ಕೂಡಲೇ ಕೊರೊನರ್ ಕಾನ್‌ಸ್ಟೆಬಲ್ ಕೈಗೆ ವಾರೆಂಟ್ ಕೊಟ್ಟು ಸುತ್ತಲಿನ ಗಂಡಸರನ್ನು ಜ್ಯೂರಿಗೆ, ಅಂದರೆ ತೀರ್ಪು ಹೇಳುವ ಊರವರ ಮಂಡಳಿಗೆ, ಕರೆಸುತ್ತಿದ್ದ. ಸಾಮಾನ್ಯವಾಗಿ ಹನ್ನೆರಡು ಜನ, ಇಲ್ಲವೇ ಅದಕ್ಕಿಂತ ಒಂದಿಬ್ಬರು ಹೆಚ್ಚು. ಹೆಣ ಕಣ್ಣಾರೆ ನೋಡದೆ ತೀರ್ಪು ಕೊಡುವಂತಿರಲಿಲ್ಲ, ಅದು ಈ ಪದ್ಧತಿಯ ಜೀವಾಳ. ಹಾಗಾಗಿ ಜ್ಯೂರಿ ಕೂಡುತ್ತಿದ್ದ ಜಾಗ ಕೋರ್ಟಲ್ಲ. ಸತ್ತವನ ಮನೆಯ ಪಡಸಾಲೆ, ಗಿರಣಿಯ ಕೆರೆಯ ದಂಡೆ, ಗುಲಾಮರ ಗುಡಿಸಲ ಮುಂದಿನ ಅಂಗಳ, ರಸ್ತೆಬದಿಯ ಮರದ ನೆರಳು. ಗುಟ್ಟಾಗಿ ಹೂತಿದ್ದರೆ ಅಗೆದು ತೆಗೆಸುತ್ತಿದ್ದರು.

ಆಮೇಲೆ ಸಾಕ್ಷಿಗಳ ಹೇಳಿಕೆ. ಕೊರೊನರೋ ಅಕ್ಷರ ಬಲ್ಲ ಮತ್ತೊಬ್ಬನೋ ಕೂತು ಬರೆದುಕೊಳ್ಳುತ್ತಿದ್ದ. ಸಹಿ ಬಾರದವರು ಕತ್ತರಿ ಗುರುತು ಹಾಕುತ್ತಿದ್ದರು. ಕಾಗುಣಿತ ಮನಸ್ಸಿಗೆ ಬಂದಂತೆ. ಒಂದೇ ಹೆಸರು ಒಂದೇ ಹಾಳೆಯಲ್ಲಿ ಮೂರು ಥರ. ನನಗೆ ಈ ಹೇಳಿಕೆಗಳೇ ತೀರ್ಪಿಗಿಂತ ಮುಖ್ಯ. ಊಟಕ್ಕೆ ಯಾರು ಕೂತಿದ್ದರು, ಜಗಳ ಯಾವ ಸಾಲದ ಮೇಲೆ ಹತ್ತಿತು, ಯಾರ ಕೈಯಲ್ಲಿ ಕೊಡಲಿ ಇತ್ತು, ಹೆಂಗಸರು ಎಲ್ಲಿ ನಿಂತಿದ್ದರು, ಎಷ್ಟು ಸಾರಾಯಿ ಖಾಲಿಯಾಗಿತ್ತು ಎಂಬುದೆಲ್ಲ ಅಲ್ಲಿರುತ್ತದೆ. ಇಂಥ ದಿನಬಳಕೆಯ ವಿವರ ಆ ಕಾಲದ ಬೇರೆ ಸರ್ಕಾರಿ ಕಡತಗಳಲ್ಲಿ ಸಿಗುವುದು ಅಪರೂಪ.

ಕೊನೆಗೆ ಜ್ಯೂರಿ ಅಚ್ಚಿನಂಥ ಒಂದು ಒಕ್ಕಣೆಯಲ್ಲಿ ತೀರ್ಪು ಬರೆದು ಎಲ್ಲರೂ ಸಹಿ ಹಾಕುತ್ತಿದ್ದರು. ಇಂಥವನೇ ಕೊಂದ ಅಂತ ಬಂದರೆ ಕೊರೊನರ್ ಅವನನ್ನು ಜೈಲಿಗೆ ಕಳಿಸಬಹುದು. ಅಲ್ಲಿಂದ ಮುಂದೆ, ಕೇಸು ಕೋರ್ಟಿಗೆ ಹೋಗಬೇಕೇ ಎಂದು ತೀರ್ಮಾನಿಸುವ ಗ್ರ್ಯಾಂಡ್ ಜ್ಯೂರಿ, ಆಮೇಲೆ ಕೋರ್ಟಿನ ವಿಚಾರಣೆ. ಈ ಎರಡು ಮೆಟ್ಟಿಲ ಮಧ್ಯೆ ಎಷ್ಟೋ ಕೇಸು ಜಾರಿಬಿದ್ದವು.

ಕಾಗದದಲ್ಲಿರುವ ಸಾವೆಲ್ಲ ಕೊಲೆಯಾ?

ಹಾಗೆಂದುಕೊಂಡು ಓದಲು ಕೂತವರಿಗೆ ನಿರಾಸೆಯಾಗುತ್ತದೆ. ನದಿ, ಕೆರೆಗಳಲ್ಲಿ ಮುಳುಗಿದವರು, ಕುಡಿದು ಚಳಿಯಲ್ಲಿ ಬಯಲಲ್ಲೇ ಮಲಗಿ ಸತ್ತವರು, ಗಾಡಿಯಿಂದ ಬಿದ್ದವರು, ಸಿಡಿಲು ಬಡಿದವರು. ತೆರೆದ ಒಲೆಯ ಮುಂದೆ ಬಟ್ಟೆಗೆ ಕಿಡಿ ಹತ್ತಿ ಸುಟ್ಟುಹೋದ ಹೆಂಗಸರು, ಮಕ್ಕಳು. ತಾಯಿ ಹೊಲಕ್ಕೆ ಹೋದಾಗ ಮನೆಯಲ್ಲಿ ಉಳಿದ ಕೂಸುಗಳು. ಚಾರ್ಲ್ಸ್‌ಟನ್ನಿನಿಂದ ಇಲ್ಲಿನ ಹ್ಯಾಂಬರ್ಗ್‌ವರೆಗೆ 136 ಮೈಲಿ ರೈಲು ಹಳಿ 1833ರಲ್ಲೇ ಮುಗಿದಿತ್ತು, ಆಗ ಅದು ಜಗತ್ತಿನಲ್ಲೇ ಉದ್ದದ್ದು. ಹಾಗಾಗಿ ರೈಲಿಗೆ ಸಿಕ್ಕ ಹೆಣವೂ ಕೊರೊನರನ ಪಾಲಿಗೆ ಬಂತು.

ಆತ್ಮಹತ್ಯೆಗಳೂ ಇವೆ. ಹಳೆಯ ಒಕ್ಕಣೆಯಲ್ಲಿ ‘ದೇವರ ಭಯವಿಲ್ಲದೆ, ಸೈತಾನನ ಪ್ರೇರಣೆಗೆ ಒಳಗಾಗಿ’ ಅಂತ ಬರೆಯುತ್ತಿದ್ದರು. ಕೊಲೆಗಾರನಿಗೂ ಇದೇ ಮಾತು. ಬೇಕಾದವರು ಸತ್ತರೆ ಜ್ಯೂರಿ ಮೆತ್ತಗಾಗಿ ಬುದ್ಧಿಭ್ರಮಣೆ ಅಂತ ಸೇರಿಸುತ್ತಿತ್ತು. ಗಾಯ, ವಿಷ ಏನೂ ಕಾಣದಿದ್ದರೆ ‘ದೇವರ ಕರೆ’. ಹೃದಯಾಘಾತ, ಪಾರ್ಶ್ವವಾಯು, ಅಪಸ್ಮಾರ ಎಲ್ಲವೂ ಆ ಒಂದು ಮಾತಿನೊಳಗೆ ಅಡಗಿಕೊಂಡಿವೆ. ಕೆಲವೊಮ್ಮೆ ಹಸಿವು ಕೂಡ ಇದ್ದೀತು ಅಂತ ನನ್ನ ಗುಮಾನಿ.

ಗುಲಾಮರು ಸತ್ತರೂ ತನಿಖೆ ನಡೆಯುತ್ತಿತ್ತಾ?

ನಡೆಯುತ್ತಿತ್ತು. ಕೇಳಿದವರು ಬೆರಗಾಗುತ್ತಾರೆ, ಆದರೆ ಬೆರಗಿಗೆ ಮೊದಲು ಕಾನೂನು ನೋಡಬೇಕು.

ದಕ್ಷಿಣ ಕೆರೊಲೈನಾದ 1740ರ ಗುಲಾಮರ ಕಾಯ್ದೆಯ ಪ್ರಕಾರ ಗುಲಾಮನನ್ನು ಬೇಕೆಂದೇ ಕೊಂದ ಬಿಳಿಯನಿಗೆ 700 ಪೌಂಡ್ ದಂಡ. ಸಿಟ್ಟಿನ ಭರದಲ್ಲಿ ಕೊಂದರೆ 350 ಪೌಂಡ್. 1821ರಲ್ಲಿ ಕಾನೂನು ಬದಲಾಗಿ, ಬೇಕೆಂದೇ ಕೊಂದರೆ ಮರಣದಂಡನೆ, ಸಿಟ್ಟಿನಲ್ಲಿ ಕೊಂದರೆ 500 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು ಎಂದಾಯಿತು. ಕಾಗದದ ಮೇಲೆ ದೊಡ್ಡ ಸುಧಾರಣೆ. ಆದರೆ ಬಿಳಿಯನ ವಿರುದ್ಧ ಕರಿಯರ ಸಾಕ್ಷಿ ನಡೆಯುತ್ತಿರಲಿಲ್ಲ. ಹತ್ತಿಹೊಲದ ಮಧ್ಯೆ ಬಿಳಿಯ ಮೇಸ್ತ್ರಿಯೊಬ್ಬ ಗುಲಾಮನನ್ನು ಬಡಿದು ಕೊಂದರೆ ನೋಡಿದವರು ಇಪ್ಪತ್ತು ಜನ ಗುಲಾಮರು, ಸಾಕ್ಷಿ ಸೊನ್ನೆ. ಹಳೆಯ ಕಾಯ್ದೆಯಲ್ಲಿ ಇನ್ನೂ ಒಂದು ಕಿಂಡಿ ಇತ್ತು: ಬೇರೆ ಬಿಳಿಯರು ಯಾರೂ ಸ್ಥಳದಲ್ಲಿ ಇರದಿದ್ದರೆ ಆರೋಪಿಯೇ ಪ್ರಮಾಣ ಮಾಡಿ ತಾನು ನಿರಪರಾಧಿ ಅಂತ ಹೇಳಿ ಬಿಡುಗಡೆ ಪಡೆಯಬಹುದಿತ್ತು.

ಹಾಗಾದರೆ ವಿಚಾರಣೆ ಯಾಕೆ? ಒಂದು, ಗುಲಾಮ ಯಾರದೋ ಆಸ್ತಿ. ಬಾಡಿಗೆಗೆ ಕೊಟ್ಟ ಗುಲಾಮ ಬೇರೆಯವನ ಹೊಲದಲ್ಲಿ ಸತ್ತರೆ ಒಡೆಯನಿಗೆ ಕಾರಣ ಬೇಕು, ಪರಿಹಾರದ ಮೊಕದ್ದಮೆ ಹೂಡಬೇಕು. ಎರಡು, ಗುಲಾಮನೊಬ್ಬ ಇನ್ನೊಬ್ಬ ಗುಲಾಮನನ್ನೋ ಒಡೆಯನನ್ನೋ ಕೊಂದಿದ್ದರೆ ಬಿಳಿಯರಿಗೆ ಅದು ತಮ್ಮ ಕುತ್ತಿಗೆಯ ಪ್ರಶ್ನೆ. ಅಲ್ಲಿ ಗುಲಾಮರ ಹೇಳಿಕೆ, ಪ್ರಮಾಣವಿಲ್ಲದೆಯೇ, ಚೆನ್ನಾಗಿ ನಡೆಯುತ್ತಿತ್ತು. ಅಂಥವರ ವಿಚಾರಣೆಗೆ ಬೇರೆ ಕೋರ್ಟೇ ಇತ್ತು, ಮ್ಯಾಜಿಸ್ಟ್ರೇಟರ ಜೊತೆಗೆ ನಾಲ್ಕಾರು ಜಮೀನುದಾರರು ಕೂಡುವಂಥದ್ದು. ಗಲ್ಲಿಗೇರಿಸಿದರೆ ಒಡೆಯನಿಗೆ ಸರ್ಕಾರದಿಂದ ಪರಿಹಾರ. ಸತ್ತವನ ಹೆಂಡತಿ ಮಕ್ಕಳಿಗೆ ಏನೂ ಇಲ್ಲ ಅಂತ ಬೇರೆ ಹೇಳಬೇಕಿಲ್ಲ.

ಅಪರೂಪಕ್ಕೆ ಬಿಳಿಯರಿಗೂ ಶಿಕ್ಷೆಯಾದದ್ದುಂಟು. ಓಡಿಹೋದ ಗುಲಾಮನೊಬ್ಬನನ್ನು ನಾಯಿ ಬಿಟ್ಟು ಬೇಟೆಯಾಡಿ ಕೊಂದದ್ದಕ್ಕೆ 1854ರಲ್ಲಿ ಇದೇ ರಾಜ್ಯದ ವಾಲ್ಟರ್‌ಬರೊದಲ್ಲಿ ಇಬ್ಬರು ಬಿಳಿಯರನ್ನು ಗಲ್ಲಿಗೇರಿಸಿದರು. ಗುಲಾಮಗಿರಿಯ ಪರ ವಾದಿಸುವವರು ‘ನೋಡಿ, ನಮ್ಮಲ್ಲೂ ನ್ಯಾಯವಿದೆ’ ಎಂದು ತೋರಿಸಲು ಇಂಥ ಪ್ರಕರಣಗಳನ್ನೇ ಬಳಸಿದರು. ಬೆರಳೆಣಿಕೆಯ ಪ್ರಕರಣಗಳನ್ನು ನಿಯಮ ಅಂತ ಓದಬಾರದು.

ಆದರೂ ಈ ಕಾಗದಗಳನ್ನು ತಳ್ಳಿಹಾಕುವಂತಿಲ್ಲ. 1850 ಮತ್ತು 1860ರ ಜನಗಣತಿಯ ಗುಲಾಮರ ಪಟ್ಟಿಯಲ್ಲಿ ಇರುವುದು ಒಡೆಯನ ಹೆಸರು. ಗುಲಾಮರಿಗೆ ವಯಸ್ಸು, ಲಿಂಗ, ಬಣ್ಣ ಅಷ್ಟೇ. ಕೊರೊನರನ ಹಾಳೆಯಲ್ಲಿ ಅವರಿಗೊಂದು ಹೆಸರಿದೆ, ಗೆಳೆಯರಿದ್ದಾರೆ, ಕೊನೆಯ ದಿನ ಏನು ಮಾಡುತ್ತಿದ್ದರು ಎಂಬುದಿದೆ. ಅಜ್ಜ ಮುತ್ತಜ್ಜರನ್ನು ಹುಡುಕುವ ಕರಿಯ ಕುಟುಂಬಗಳಿಗೆ ಇದು ಸಣ್ಣ ವಿಷಯವಲ್ಲ.

‘ತಾಯಿ ಹೊರಳಿ ಮಗು ಸತ್ತಿತು’ ಅಂತ ಅಷ್ಟೊಂದು ಕಡೆ ಯಾಕೆ ಬರೆದಿದೆ?

ಗುಲಾಮ ತಾಯಂದಿರ ಕೂಸುಗಳ ಸಾವಿನಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ, ಜನಗಣತಿಯ ಮರಣ ಪಟ್ಟಿಗಳಲ್ಲೂ ಇದೆ. ರಾತ್ರಿ ನಿದ್ದೆಗಣ್ಣಲ್ಲಿ ತಾಯಿ ಮಗುವಿನ ಮೇಲೆ ಉರುಳಿದಳು, ಅಜಾಗರೂಕತೆ, ಅಷ್ಟೇ. ಒಡೆಯರು ಇದನ್ನು ಕರಿಯ ತಾಯಂದಿರ ‘ಬೇಜವಾಬ್ದಾರಿ’ಗೆ ಪುರಾವೆ ಅಂತ ಹೇಳಿಕೊಂಡು ತಿರುಗಿದರು. ನಂತರದ ಇತಿಹಾಸಕಾರರು ಅಂಕಿ ಅಂಶ ಕೂಡಿಸಿ ನೋಡಿದಾಗ ಈ ಸಾವುಗಳು ಇಂದು ಶಿಶುಗಳ ಹಠಾತ್ ಮರಣ ಎಂದು ಕರೆಯುವ ಸಾವಿನ ಲಕ್ಷಣಗಳಿಗೆ ಹೆಚ್ಚು ಹೊಂದುತ್ತವೆ ಎಂದು ವಾದಿಸಿದರು. ಹೆರಿಗೆಯ ಹಿಂದಿನ ವಾರದವರೆಗೂ ಹೊಲದಲ್ಲಿ ಬಗ್ಗಿ ದುಡಿದ ತಾಯಿ, ಹೊಟ್ಟೆ ತುಂಬದ ಊಟ, ತೂಕವಿಲ್ಲದ ಕೂಸು. ತಪ್ಪು ಹೊಲದಲ್ಲಿತ್ತು, ಹಾಸಿಗೆಯಲ್ಲಿ ಹುಡುಕಿದರು.

ಮದುವೆಯಾಗದೆ ಹೆತ್ತ ಹೆಂಗಸಿನ ಕೂಸು ಸತ್ತು ಸಿಕ್ಕರೆ ಮಾತ್ರ ತನಿಖೆ ಬಿಗಿಯಾಗುತ್ತಿತ್ತು. ಕೂಸಿನ ಶ್ವಾಸಕೋಶ ನೀರಲ್ಲಿ ಹಾಕಿ, ತೇಲಿದರೆ ಉಸಿರಾಡಿತ್ತು, ಮುಳುಗಿದರೆ ಸತ್ತೇ ಹುಟ್ಟಿತ್ತು ಅಂತ ತೀರ್ಮಾನಿಸುವ ಪರೀಕ್ಷೆ ಆಗಲೇ ಹಳೆಯದು. ನೆಚ್ಚಲಾಗದ ಪರೀಕ್ಷೆ ಅಂತ ವೈದ್ಯರಿಗೂ ಗೊತ್ತಿತ್ತು.

ವೈದ್ಯರ ಪಾತ್ರ ಏನು? ವಿಷ ಪತ್ತೆ ಹಚ್ಚುತ್ತಿದ್ದರಾ?

ಹತ್ತಿರದಲ್ಲಿ ವೈದ್ಯ ಇದ್ದರೆ ಕರೆಸುತ್ತಿದ್ದರು. ಅವನು ಗಾಯದ ಆಳ ಅಳೆದು, ಬೇಕಿದ್ದರೆ ತಲೆಬುರುಡೆಯೋ ಹೊಟ್ಟೆಯೋ ಕೊಯ್ದು ನೋಡಿ ಹೇಳಿಕೆ ಕೊಡುತ್ತಿದ್ದ. ಮೇಜು ಅಂದರೆ ಒಂದು ಬಾಗಿಲ ಹಲಗೆ. ಬೆರಳಚ್ಚು, ರಕ್ತದ ಗುಂಪು ಯಾವುದೂ ಆಗಿನ್ನೂ ಇಲ್ಲ. ಅದು ಮನುಷ್ಯರ ರಕ್ತವೋ ಹಂದಿಯದೋ ಎಂದು ಹೇಳುವ ದಾರಿಯೂ ಇರಲಿಲ್ಲ. ವಿಷದ ಮಟ್ಟಿಗೆ ಮಾತ್ರ ರಸಾಯನಶಾಸ್ತ್ರ ಮುಂದಿತ್ತು. 1836ರಲ್ಲಿ ಇಂಗ್ಲೆಂಡಿನ ಜೇಮ್ಸ್ ಮಾರ್ಷ್ ಆರ್ಸೆನಿಕ್ ಪತ್ತೆಯ ವಿಧಾನ ಪ್ರಕಟಿಸಿದ. ಇಲಿಪಾಷಾಣ ಪ್ರತಿ ಅಂಗಡಿಯಲ್ಲೂ ಸಿಗುತ್ತಿದ್ದ ಕಾಲದಲ್ಲಿ ಅದು ದೊಡ್ಡ ವಿಷಯ. ಆದರೆ ಹಳ್ಳಿಗಾಡಿನಲ್ಲಿ ಜಠರವನ್ನು ಜಾಡಿಯಲ್ಲಿಟ್ಟು ದೂರದ ನಗರದ ರಸಾಯನಶಾಸ್ತ್ರಜ್ಞರಿಗೆ ಕಳಿಸಿ ಉತ್ತರಕ್ಕೆ ಕಾಯುವ ಖರ್ಚು, ವ್ಯವಧಾನ ಎರಡೂ ಕಡಿಮೆ.

ಕೊಲೆಗಾರ ಮುಟ್ಟಿದರೆ ಹೆಣದಿಂದ ಹೊಸದಾಗಿ ರಕ್ತ ಸುರಿಯುತ್ತದೆ ಎಂಬ ಹಳೇ ನಂಬಿಕೆ ಅಮೆರಿಕದ ಹಳ್ಳಿಗಳಲ್ಲಿ ಆಗಲೂ ಜೀವಂತವಾಗಿತ್ತು.

ದೊಡ್ಡ ಮನೆತನದವರು ಕೊಂದರೆ?

ಅವರ ಕೊಲೆಗೆ ಬೇರೆ ಹೆಸರು: ಮಾನದ ಪ್ರಶ್ನೆ. ದಕ್ಷಿಣ ಕೆರೊಲೈನಾ 1812ರಲ್ಲೇ ದ್ವಂದ್ವಯುದ್ಧ ನಿಷೇಧಿಸಿತ್ತು. ನಿಷೇಧವಾದ ಮೇಲೂ ದ್ವಂದ್ವಯುದ್ಧ ನಡೆಯುತ್ತಲೇ ಇತ್ತು. 1840ರಲ್ಲಿ ಎಜ್‌ಫೀಲ್ಡಿನ ವಕೀಲ ಲೂಯಿಸ್ ವಿಗ್‌ಫಾಲ್ ರಾಜಕೀಯ ಜಗಳವೊಂದರಲ್ಲಿ ಕೋರ್ಟಿನ ಮುಂದೆಯೇ ಥಾಮಸ್ ಬರ್ಡ್ ಎಂಬ ಯುವಕನನ್ನು ಗುಂಡಿಟ್ಟು ಕೊಂದ. ಕೆಲವೇ ದಿನಗಳಲ್ಲಿ, ಸವಾನ್ನಾ ನದಿಯ ನಡುಗಡ್ಡೆಯೊಂದರಲ್ಲಿ, ಮೇಲೆ ಹೇಳಿದ ಪ್ರೆಸ್ಟನ್ ಬ್ರೂಕ್ಸ್ ಜೊತೆ ದ್ವಂದ್ವಯುದ್ಧ. ಇಬ್ಬರಿಗೂ ಗುಂಡು ತಾಗಿತು, ಇಬ್ಬರೂ ಬದುಕಿದರು. ಬ್ರೂಕ್ಸನ ಸೊಂಟಕ್ಕೆ ತಾಗಿದ ಆ ಗಾಯದಿಂದಲೇ ಅವನು ಬೆತ್ತ ಹಿಡಿದು ನಡೆಯುವಂತಾದದ್ದು. ವಿಗ್‌ಫಾಲ್‌ಗೆ ಶಿಕ್ಷೆಯಾಗಲಿಲ್ಲ. ಮುಂದೆ ಟೆಕ್ಸಾಸಿನಿಂದ ಸೆನೆಟರ್ ಆದ.

1880ರ ಜುಲೈನಲ್ಲಿ ಇದೇ ರಾಜ್ಯದ ಇನ್ನೊಂದು ಭಾಗದಲ್ಲಿ ಕರ್ನಲ್ ಕ್ಯಾಶ್ ಎಂಬುವವನು ಕರ್ನಲ್ ಶ್ಯಾನನ್‌ನನ್ನು ದ್ವಂದ್ವಯುದ್ಧದಲ್ಲಿ ಕೊಂದ. ಶ್ಯಾನನ್ ಎಲ್ಲರಿಗೂ ಬೇಕಾದ ಹಿರಿಯ ವಕೀಲ. ಜನಕ್ಕೆ ಆಗ ಸಾಕಾಗಿಹೋಯಿತು. ಅದೇ ವರ್ಷ ಕಾನೂನು ಬಿಗಿಯಾಯಿತು. ಬಡವರ ಮಟ್ಟಿಗೆ ಮಾನದ ಪ್ರಶ್ನೆ ಸಂತೆಯ ದಿನ, ಚುನಾವಣೆಯ ದಿನ, ಸಾರಾಯಿ ಅಂಗಡಿಯ ಮುಂದೆ ಚಾಕು, ಪಿಸ್ತೂಲಿನಲ್ಲಿ ತೀರುತ್ತಿತ್ತು. ಆಯುಧ ಬಚ್ಚಿಟ್ಟುಕೊಂಡು ಓಡಾಡಬಾರದೆಂಬ ಕಾಯ್ದೆ ಬಂದದ್ದೂ 1880ರಲ್ಲೇ.

ಗುಲಾಮಗಿರಿ ಕೊನೆಗೊಳಿಸಿದ ಅಂತರ್ಯುದ್ಧದ ನಂತರ ಏನಾದರೂ ಬದಲಾಯಿತಾ?

ಸ್ವಲ್ಪ ಕಾಲ, ಬಹಳವೇ ಬದಲಾಯಿತು. 1868ರ ಹೊಸ ಸಂವಿಧಾನದಿಂದ ಕರಿಯ ಗಂಡಸರಿಗೆ ಮತ ಬಂತು, ಜ್ಯೂರಿಯಲ್ಲಿ ಕೂರುವ ಹಕ್ಕು ಬಂತು, ಮ್ಯಾಜಿಸ್ಟ್ರೇಟ್ ಕುರ್ಚಿಯೂ ಸಿಕ್ಕಿತು. ಹೆಣ ಅದೇ, ಒಕ್ಕಣೆ ಅದೇ, ಸುತ್ತ ಕೂತವರು ಬೇರೆ. ಹಾಗಾದಾಗ ಏನಾಗಬಹುದು ಎನ್ನುವುದನ್ನು ಹ್ಯಾಂಬರ್ಗ್ ತೋರಿಸಿಕೊಟ್ಟಿತು.

ಹ್ಯಾಂಬರ್ಗ್ ಮೊದಲು ಎಜ್‌ಫೀಲ್ಡಿನೊಳಗೇ ಇತ್ತು, 1871ರಲ್ಲಿ ಹೊಸ ಏಕನ್ ಕೌಂಟಿಗೆ ಸೇರಿತು. ಆ ಹೊತ್ತಿಗೆ ಅದು ಕರಿಯರೇ ಹೆಚ್ಚಿದ್ದ ಊರು. ಅಲ್ಲಿನ ನ್ಯಾಯಾಧಿಕಾರಿ ಪ್ರಿನ್ಸ್ ರಿವರ್ಸ್, ಹಿಂದೆ ಗುಲಾಮ, ಒಡೆಯನ ಸಾರೋಟು ಓಡಿಸುತ್ತಿದ್ದವನು. ಯುದ್ಧಕಾಲದಲ್ಲಿ ಓಡಿಹೋಗಿ ಉತ್ತರದ ಸೇನೆಯಲ್ಲಿ ಸಾರ್ಜೆಂಟ್ ಆಗಿದ್ದವನು. 1876ರ ಜುಲೈ 4ರಂದು ಊರಿನ ಕರಿಯರ ನಾಗರಿಕ ಪಡೆ ಮಿಲಿಶಿಯಾ ಬೀದಿಯಲ್ಲಿ ಕವಾಯತು ಮಾಡುತ್ತಿದ್ದಾಗ ಗಾಡಿಯಲ್ಲಿ ಬಂದ ಇಬ್ಬರು ಬಿಳಿಯರೊಂದಿಗೆ ದಾರಿಯ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು. ದೂರು ರಿವರ್ಸ್ ಮುಂದೆ ಬಂತು. ಜುಲೈ 8ರಂದು ಬಿಳಿಯರ ವಕೀಲನಾಗಿ ಎಜ್‌ಫೀಲ್ಡಿನ ಮಾಜಿ ಜನರಲ್ ಮ್ಯಾಥ್ಯೂ ಬಟ್ಲರ್ ಬಂದ. ಜೊತೆಗೆ ನೂರಾರು ಜನ ಬಂದೂಕುಧಾರಿಗಳು. ಮಿಲಿಶಿಯಾ ಆಯುಧ ಒಪ್ಪಿಸಲಿ ಎಂದರು; ಅವರು ಒಪ್ಪದೆ ಕಟ್ಟಡವೊಂದರಲ್ಲಿ ಸೇರಿಕೊಂಡರು. ಹೊಳೆಯಾಚೆಯ ಆಗಸ್ಟಾದಿಂದ ಫಿರಂಗಿ ತರಿಸಿದರು. ಗುಂಡಿನ ಕಾಳಗದಲ್ಲಿ ಒಬ್ಬ ಬಿಳಿಯ ಯುವಕ ಸತ್ತ. ಊರಿನ ಕರಿಯ ಮಾರ್ಷಲ್ ಜೇಮ್ಸ್ ಕುಕ್‌ನನ್ನು ಕೊಂದರು. ಆ ರಾತ್ರಿ ಸೆರೆಸಿಕ್ಕವರಲ್ಲಿ ಆರಿಸಿ ಒಬ್ಬೊಬ್ಬರನ್ನೇ ಹೊರಗೆ ಕರೆದು ಗುಂಡಿಕ್ಕಿದರು. ಒಟ್ಟು ಆರು ಜನ ಕರಿಯರು ಹತರಾದರು.

ಮಾರನೆಯ ದಿನಗಳಲ್ಲಿ ರಿವರ್ಸ್ ಕೊರೊನರನ ಜಾಗದಲ್ಲಿ ಕೂತು ವಿಧಿವತ್ತಾಗಿ ವಿಚಾರಣೆ ನಡೆಸಿದ. ಜ್ಯೂರಿ ಕೂಡಿತು, ಸಾಕ್ಷಿಗಳು ಪ್ರಮಾಣ ಮಾಡಿದರು, ಹೆಸರುಗಳನ್ನು ಒಂದೊಂದಾಗಿ ಬರೆಯಲಾಯಿತು. ಜ್ಯೂರಿ ತೊಂಬತ್ತರ ಆಸುಪಾಸು ಬಿಳಿಯರನ್ನು ಆರೋಪಿಗಳೆಂದಿತು, ಬಟ್ಲರನೂ ಸೇರಿದಂತೆ. ಆ ಕಾಲದ ದಕ್ಷಿಣದಲ್ಲಿ ಇದಕ್ಕಿಂತ ಎದೆಗಾರಿಕೆಯ ಕೊರೊನರ್ ವರದಿ ನನಗೆ ಗೊತ್ತಿಲ್ಲ.

ಆರೋಪಿಗಳು ಕೆಂಪು ಬಣ್ಣ ಬಳಿದ ಅಂಗಿ ತೊಟ್ಟು ಏಕನ್ ಕೋರ್ಟಿಗೆ ಮೆರವಣಿಗೆಯಲ್ಲಿ ಹೋದರು, ಜಾಮೀನು ಪಡೆದರು. ಮೊಕದ್ದಮೆಯನ್ನು ಚುನಾವಣೆ ಆದ ಮೇಲೆ ನೋಡೋಣ ಎಂದು ಮುಂದೂಡಿದರು. ಚುನಾವಣೆಯಲ್ಲಿ ಅವರ ಪಕ್ಷವೇ ಅಧಿಕಾರ ಹಿಡಿಯಿತು. ಮೊಕದ್ದಮೆ ನಡೆಯಲೇ ಇಲ್ಲ. ಬಟ್ಲರ್ 1877ರಲ್ಲಿ ಸೆನೆಟರ್ ಆದ. ಆ ಗುಂಪಿನಲ್ಲಿದ್ದ, ಇದೇ ಸೀಮೆಯ ಬೆಂಜಮಿನ್ ಟಿಲ್ಮನ್ 1890ರಲ್ಲಿ ಗವರ್ನರ್ ಆಗಿ ಗೆದ್ದ, ಆಮೇಲೆ ಸೆನೆಟರ್ ಆದ, ಹ್ಯಾಂಬರ್ಗಿನಲ್ಲಿ ತಾನಿದ್ದದ್ದನ್ನು ಬಹಿರಂಗ ಭಾಷಣಗಳಲ್ಲಿ ಕೊಚ್ಚಿಕೊಂಡ. ಪ್ರಿನ್ಸ್ ರಿವರ್ಸ್ ಮತ್ತೆ ಸಾರೋಟು ಓಡಿಸುವ ಕೆಲಸಕ್ಕೆ ಮರಳಿದ. ಸತ್ತ ಒಬ್ಬನೇ ಬಿಳಿಯನಿಗೆ 1916ರಲ್ಲಿ ಕಲ್ಲಿನ ಸ್ಮಾರಕ ನಿಲ್ಲಿಸಿದರು.

‘ಅಪರಿಚಿತರ ಕೈಯಲ್ಲಿ ಸತ್ತ’ ಎಂಬ ತೀರ್ಪಿನ ಅರ್ಥ?

ಲಿಂಚಿಂಗ್, ಅಂದರೆ ಕೋರ್ಟಿನ ವಿಚಾರಣೆಯಿಲ್ಲದೆ ಗುಂಪು ಸೇರಿ ಕೊಲ್ಲುವುದು, ನಡೆದಿದೆ ಎಂದೇ ಬಹುಪಾಲು ಅರ್ಥ. ಶತಮಾನದ ಕೊನೆಯ ಎರಡು ದಶಕಗಳಲ್ಲಿ ಈ ತೀರ್ಪು ದಕ್ಷಿಣದುದ್ದಕ್ಕೂ ಮಾಮೂಲಿ. ಗುಂಪು ಮುಖ ಮುಚ್ಚಿಕೊಂಡಿರಲಿ ಬಿಡಲಿ, ಜ್ಯೂರಿಗೆ ಯಾರ ಗುರುತೂ ಸಿಗುತ್ತಿರಲಿಲ್ಲ. ಕೆಲವೊಮ್ಮೆ ಜ್ಯೂರಿಯವರೇ ಗುಂಪಿನಲ್ಲಿ ಇದ್ದವರು. 1889ರ ಡಿಸೆಂಬರಿನಲ್ಲಿ ಹತ್ತಿರದ ಬಾರ್ನ್‌ವೆಲ್‌ನಲ್ಲಿ ಎಂಟು ಕರಿಯರನ್ನು ಜೈಲಿನಿಂದ ಎಳೆದೊಯ್ದು ಗುಂಡಿಕ್ಕಿದರು. ಎಂಟು ಜನರನ್ನು ಕೊಂದ ಗುಂಪನ್ನು ಅಷ್ಟು ಸಣ್ಣ ಊರಲ್ಲಿ ಗುರುತಿಸುವವರಿಲ್ಲ ಅಂದರೆ ನಂಬುವವರಾರು?

ವಿಚಿತ್ರವೆಂದರೆ, ಕರಿಯರ ಮತದ ಹಕ್ಕು ಕಸಿಯಲೆಂದೇ ಟಿಲ್ಮನ್ ಬಳಗ ಬರೆದ 1895ರ ಸಂವಿಧಾನದಲ್ಲಿ ಲಿಂಚಿಂಗ್ ವಿರುದ್ಧವೂ ಒಂದು ಕಲಮು ಇತ್ತು. ಅಧಿಕಾರಿಯ ವಶದಲ್ಲಿದ್ದವನನ್ನು ಗುಂಪು ಕಿತ್ತುಕೊಂಡು ಕೊಂದರೆ ಕೌಂಟಿಯೇ ಅವನ ವಾರಸುದಾರರಿಗೆ ಕನಿಷ್ಠ 2000 ಡಾಲರ್ ಕೊಡಬೇಕಿತ್ತು.

ನಮ್ಮ ಪಂಚನಾಮೆಗೂ ಇದಕ್ಕೂ ಸಂಬಂಧ ಉಂಟಾ?

ಎರಡರಲ್ಲೂ ಇಂಗ್ಲಿಷರ ಕಾನೂನಿನ ಗುರುತಿದೆ. ಬ್ರಿಟಿಷ್ ಭಾರತದಲ್ಲಿ ಕೊರೊನರ್ ಹುದ್ದೆ ಇದ್ದದ್ದು ದೊಡ್ಡ ಪ್ರೆಸಿಡೆನ್ಸಿ ನಗರಗಳಲ್ಲಿ ಮಾತ್ರ. 1871ರ ಕೊರೊನರ್ ಕಾಯ್ದೆ ಬಾಂಬೆ, ಕಲ್ಕತ್ತಾಗಳಿಗೆ ಅನ್ವಯಿಸುತ್ತಿತ್ತು. ಉಳಿದೆಡೆ ಪೊಲೀಸರೇ ಸ್ಥಳೀಯ ಪಂಚರ ಮುಂದೆ ಶವ ಪಂಚನಾಮೆ ಮಾಡುವ ಪದ್ಧತಿ. ನಾವು ಇಂದು ಯುಡಿಆರ್ (ಅಸಹಜ ಸಾವಿನ ವರದಿ) ಎನ್ನುವ ಪ್ರಕರಣಗಳು ಮೊನ್ನೆಮೊನ್ನೆಯವರೆಗೆ ಸಿಆರ್‌ಪಿಸಿ 174ರಡಿ, 2024ರ ಜುಲೈನಿಂದ ಹೊಸ ಸಂಹಿತೆಯ 194ನೇ ಕಲಮಿನಡಿ ನಡೆಯುತ್ತವೆ. ನಮ್ಮ ಪಂಚರು ಗಾಯ ನೋಡಿ ಸಹಿ ಹಾಕುತ್ತಾರೆ, ಕೊಂದವನು ಇಂಥವನೆಂದು ತೀರ್ಪು ಕೊಡುವುದಿಲ್ಲ. ಎಜ್‌ಫೀಲ್ಡಿನ ಜ್ಯೂರಿಗೆ ಆ ಅಧಿಕಾರ ಇತ್ತು. ಊರಿನ ದೊಡ್ಡವರಿಗೆ ಬೇಡವಾದ ಸಾಕ್ಷಿ ನಾಲಿಗೆ ಕಚ್ಚಿಕೊಳ್ಳುವುದು ಮಾತ್ರ ಎರಡೂ ಕಡೆ ಒಂದೇ.

ಈ ಕಾಗದಗಳಿಂದ ಕೊಲೆಗಳ ಲೆಕ್ಕ ಹಾಕಬಹುದಾ?

ಹಾಕಬಹುದು, ನೆಚ್ಚಿಕೊಳ್ಳಬಾರದು. ಕೊರೊನರ್‌ವರೆಗೆ ಬಾರದ ಸಾವುಗಳು ಎಷ್ಟೋ. ಕಳೆದುಹೋದ, ಹುಳ ತಿಂದ ಕಟ್ಟುಗಳು ಎಷ್ಟೋ. ದಕ್ಷಿಣ ಕೆರೊಲೈನಾದಲ್ಲಿ ರಾಜ್ಯಾದ್ಯಂತ ಮರಣ ನೋಂದಣಿ ಶುರುವಾದದ್ದೇ 1915ರಲ್ಲಿ. ಅದಕ್ಕೂ ಮೊದಲಿನ ಅವಧಿಗೆ 1850ರಿಂದ 1880ರವರೆಗಿನ ಜನಗಣತಿಯ ಮರಣ ಪಟ್ಟಿಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ಅವು ಜನಗಣತಿಗೆ ಹಿಂದಿನ ಒಂದು ವರ್ಷದ ಸಾವುಗಳನ್ನು ಮಾತ್ರ ಹೇಳುತ್ತವೆ. 1865ರ ನಂತರದ ಕೆಲವು ವರ್ಷಗಳಿಗೆ, ಬಿಡುಗಡೆಯಾದ ಗುಲಾಮರಿಗಾಗಿ ಕೇಂದ್ರ ಸರ್ಕಾರ ತೆರೆದ ಫ್ರೀಡ್‌ಮೆನ್ಸ್ ಬ್ಯೂರೊದ ಕಡತಗಳಲ್ಲಿ ಕೊಲೆ, ದೌರ್ಜನ್ಯಗಳದೇ ಪ್ರತ್ಯೇಕ ಪಟ್ಟಿಗಳಿವೆ. ಕೊರೊನರ್ ಮೌನವಾಗಿರುವ ಕಡೆ ಅವು ಮಾತಾಡುತ್ತವೆ.

ಮೂಲ ಕಾಗದ ಎಲ್ಲಿ ಹುಡುಕಬೇಕು?

ಕೊಲಂಬಿಯಾದಲ್ಲಿರುವ ರಾಜ್ಯ ಪತ್ರಾಗಾರ, ಎಜ್‌ಫೀಲ್ಡ್ ಕೌಂಟಿಯ ಪತ್ರಾಗಾರ, ಇವೆರಡು ಮೊದಲು. ‘ಕೊರೊನರ್’ ಎಂಬ ತಲೆಬರಹದಡಿ ಸಿಗದಿದ್ದರೆ ಕೋರ್ಟ್ ಗುಮಾಸ್ತನ ಕಚೇರಿಯ ದಾಖಲೆಗಳಲ್ಲಿ ನೋಡಿ. ಕಾಲಕ್ಕೆ ತಕ್ಕಂತೆ ಗಡಿ ಬದಲಾಗಿದೆ ಎಂಬುದು ನೆನಪಿರಲಿ: 1868ಕ್ಕೆ ಮುಂಚೆ ಇದು ಕೌಂಟಿಯಲ್ಲ, ಎಜ್‌ಫೀಲ್ಡ್ ಡಿಸ್ಟ್ರಿಕ್ಟ್. 1871ರಲ್ಲಿ ಏಕನ್, 1895ರಲ್ಲಿ ಸಲೂಡಾ, 1897ರಲ್ಲಿ ಗ್ರೀನ್‌ವುಡ್ ಕೌಂಟಿಗಳಿಗೆ ಇದರ ನೆಲ ಹಂಚಿಹೋಯಿತು. ಹುಡುಕುವ ಹಳ್ಳಿ ಎಜ್‌ಫೀಲ್ಡಿನಲ್ಲಿ ಕಾಣದಿದ್ದರೆ ಆ ಮೂರರಲ್ಲಿ ನೋಡಿ. ಗುಲಾಮರ ಹೆಸರು ಹುಡುಕುವಾಗ ಒಡೆಯನ ಮನೆತನದ ಹೆಸರಿನಡಿಯೇ ಹುಡುಕಬೇಕಾಗುತ್ತದೆ, ಸೂಚಿಗಳನ್ನು ಮಾಡಿದ್ದೇ ಹಾಗೆ.